ಒಂದು ಮೂಲೆ ಬೆಚ್ಚಗೆ

ಇಪ್ಪತ್ತಾರು ವರ್ಷದಿಂದ ತಣ್ಣಗೆ ಮಾಡುವುದೇ ಕಸುಬು.
ಶ್ರೀರಾಂಪುರದ ಅಂಗಡಿ, ಬೋರ್ಡಿನ ಮೇಲೆ ಅಣ್ಣಮ್ಮನ ಹೆಸರು,
ಒಳಗೆ ಗ್ಯಾಸು ಸೋರಿದವು, ಬಾಗಿಲು ಕೂರದವು,
ರಿಪೇರಿಗೆ ಕೊಟ್ಟು ಮರೆತವರ ಫ್ರಿಜ್ಜುಗಳು.

ಡೋರತಿ ಮಿಸ್ ಬಂದರು. "ಸಂಪಂಗಿ, ಬೆಚ್ಚಗೆ ಮಾಡಿಕೊಡಬೇಕು."
"ಏನನ್ನ ಮಿಸ್?"
"ಒಂದು ಮೂಲೆಯನ್ನ.
ಇನ್ನೊಂದು ಮೂಲೆ ತಣ್ಣಗೇ ಇರಲಿ."

ಕೈಚೀಲದಿಂದ ತೂತು ಕೊರೆದ ಡಬ್ಬಿ ತೆಗೆದರು.
ಕಾಗದದ ಮಡಿಕೆಯಲ್ಲಿ ಬೋವಾ ಮರಿ,
ಹೂವಿನವಳು ಕೈ ಬಿಗಿ ಹಿಡಿದು ಅಳೆದರೆ ಒಂದೂವರೆ ಮೊಳ,
ಬೆನ್ನ ಮೇಲೆ ಸುಟ್ಟ ಇಟ್ಟಿಗೆ ಬಣ್ಣದ ಪಟ್ಟಿಗಳು.
ಅರಣ್ಯ ಇಲಾಖೆಯ ಕಾಗದವನ್ನೂ ತೋರಿಸಿದರು, ನಾನು ಕೇಳದೆಯೇ;
ಮೂವತ್ತು ವರ್ಷ ಬೇರೆಯವರ ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಿದ ಕೈ.
ಯಾಕೆ ಸಾಕುತ್ತೀರಿ ಅನ್ನಲು ಬಾಯಿ ತೆರೆದೆ.
ಅದು ನಾಲಿಗೆ ಚಾಚಿ
ನನ್ನ ಕಡೆಯ ಗಾಳಿಯನ್ನು ಮುಟ್ಟಿ ನೋಡಿತು.
ಬಾಯಿ ಮುಚ್ಚಿದೆ.

ಮೆಟ್ರೋಗೆ ಜಾಗ ಬಿಟ್ಟ ಬೇಕರಿಯ ಕೂಲರ್ ಒಂದಿತ್ತು,
ಗಾಜಿನ ಬಾಗಿಲು, ಬೀಗ, ದಪ್ಪ ಗೋಡೆ,
ಕಿತ್ತಳೆ ಸೋಡಾ ಕುಡಿಯುವ ಹುಡುಗಿಯ ಅರ್ಧ ಸ್ಟಿಕ್ಕರ್.
ಮಗ್ಗುಲಿಗೆ ಮಲಗಿಸಿದೆ. ಕಂಪ್ರೆಸರು ಕಿತ್ತೆ.
ಗಾಳಿಗೆ ತೂತು ಹೊಡೆದೆ, ಮರಿಯ ತಲೆಗಿಂತ ಸಣ್ಣವು.
ಮೂರು ದಿನ ಬಿಸಿಲಿಗಿಟ್ಟರೂ ಬೆಣ್ಣೆ ಬಿಸ್ಕತ್ತಿನ ವಾಸನೆ ಹೋಗಲಿಲ್ಲ.
"ಇರಲಿ ಬಿಡು" ಅಂದರು ಮಿಸ್.

ಬೆಳಕು ಕೊಡದ ಬಲ್ಬು ನಾನು ನೋಡಿದ್ದೇ ಮೊದಲು:
ಪಿಂಗಾಣಿಯದು, ಬರೀ ಕಾವು.
ಸುತ್ತ ಜಾಲರಿ ಕಟ್ಟಿದೆ, ಅಪ್ಪಿಕೊಂಡು ಸುಟ್ಟುಕೊಳ್ಳದಿರಲೆಂದು.
ಏಪ್ರಿಲ್ ಮಧ್ಯಾಹ್ನ, ತಗಡಿನ ಶೀಟಿನ ಕೆಳಗೆ
ಥರ್ಮೋಸ್ಟಾಟು ಕೂಡಿಸಿ, ಮೂವತ್ತೊಂದಕ್ಕೆ ತಿರುಗಿಸಿ,
ಟೀ ಕುಡಿದು ಬಂದರೆ ಒಳಗೆ ನಲವತ್ತನಾಲ್ಕು!
ಬಿಸಿ ಏರಿದಾಗ ಆನ್ ಆಗಲಿ ಅಂತ
ತಂತಿಯನ್ನು ಕೈ ತಾನಾಗಿ ಕೂಡಿಸಿಬಿಟ್ಟಿತ್ತು,
ಇಪ್ಪತ್ತಾರು ವರ್ಷದ ಕೈ.
ಪುಣ್ಯಕ್ಕೆ ಒಳಗಿದ್ದದ್ದು ಥರ್ಮಾಮೀಟರು ಮಾತ್ರ.

ಪೂರಾ ನಾಲ್ಕೂವರೆ ಅಡಿ ಬಿಟ್ಟುಕೊಟ್ಟೆ, ದೊಡ್ಡ ಮನಸ್ಸು ಮಾಡಿ.
"ಇಷ್ಟು ಜಾಗ ಬೇಡ ಸಂಪಂಗಿ. ಹೆದರಿ ಊಟ ಬಿಡುತ್ತೆ."
ಹತ್ತಕ್ಕೆ ಹನ್ನೆರಡರಲ್ಲಿ ಏಳು ಜನರ ನಡುವೆ ಬೆಳೆದವನು ನಾನು.
ಈ ಊರಲ್ಲಿ ಜಾಗ ಜಾಸ್ತಿಯಾಯಿತು ಅನ್ನುವ ಮಾತು
ಒಂದು ಹಾವಿನ ಪರವಾಗಿ ಕೇಳಬೇಕಾಯಿತು.
ನಡುವೆ ಪ್ಲೈವುಡ್ ಗೋಡೆ ಇಳಿಸಿದೆ, ಗೇಣಿಗೊಂದು ಸೀಳು,
ಮರಿ ಬೆಳೆದಂತೆ ಗೋಡೆ ಹಿಂದೆ ಸರಿಯಲಿ.

ತೆಂಗಿನ ನಾರಿನ ಪುಡಿ ಹಾಸಿ, ಅಗಲ ಬಟ್ಟಲಲ್ಲಿ ನೀರಿಟ್ಟು,
ಪಾಟರಿ ಟೌನಿನ ಎರಡು ಅರ್ಧ ಮಡಕೆ ಬೋರಲು ಹಾಕಿದರು,
ಕಾವಿನ ಕಡೆ ಒಂದು, ತಂಪಿನ ಕಡೆ ಒಂದು, ಅಳತೆ ಒಂದೇ.
"ಒಂದು ಸಾಲದಾ ಮಿಸ್?"
"ಒಂದೇ ಇದ್ದರೆ, ಅಡಗಿಕೊಳ್ಳೋದಾ ಮೈ ಕಾಯಿಸೋದಾ
ಅಂತ ಅದು ದಿನಾ ಲೆಕ್ಕ ಹಾಕಬೇಕು."
ಸ್ಕ್ರೂಡ್ರೈವರ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಅಂತಾರೆ.
ಈ ಗೆದ್ದಲು ಬಿಲ್ಲು ಬರೆಯಿತು:
ಮೂರು ಸಾವಿರದ ಇನ್ನೂರು, ಸಾಗಾಟ ಬೇರೆ.

ಜನವರಿಯಲ್ಲಿ, ರಾತ್ರಿ ಎರಡಕ್ಕೆ ಫೋನು.
ಪ್ರಕಾಶನಗರ ಪೂರ್ತಿ ಕತ್ತಲೆ, ಸಂಜೆಯೇ ಟ್ರಾನ್ಸ್‌ಫಾರ್ಮರ್ ಸಿಡಿದಿದೆ.
ಮಫ್ಲರ್ ಸುತ್ತಿಕೊಂಡು, ಇನ್ವರ್ಟರನ್ನೂ ಬ್ಯಾಟರಿಯನ್ನೂ
ಸ್ಕೂಟರಿನ ಕಾಲಡಿ ಇಟ್ಟುಕೊಂಡು ಹೋದೆ.
ಸೋಡಾ ಬಾಟಲಿಗೆ ಬಿಸಿನೀರು ತುಂಬಿ, ಟವಲು ಸುತ್ತಿ,
ಮಡಕೆಗೆ ಒತ್ತಿ ಇಟ್ಟಿದ್ದರು ಮಿಸ್, ಮೂರನೇ ಸಲ.

ತಂತಿ ಕೂಡಿಸಿ ಇಬ್ಬರೂ ನೆಲದ ಮೇಲೆ ಕೂತೆವು,
ಅರ್ಧ ಹುಡುಗಿಯ ಪಕ್ಕ ಗಾಜಿಗೆ ಅಂಗೈ ಊರಿ.
ಇಪ್ಪತ್ತೈದು.
ಇಪ್ಪತ್ತೈದೂವರೆ.
ಮಡಕೆಯ ಅಂಚಲ್ಲಿ ಮೂತಿ ಕಂಡಿತು,
ನಾಲಿಗೆ ಹೊರಬಂತು, ಒಳಹೋಯಿತು.
ಇಪ್ಪತ್ತೇಳು.
ಅಡುಗೆಮನೆಯ ಫ್ರಿಜ್ಜು ಕರಗಿ, ನೀರು ಹರಿದು ಬಂದು
ನನ್ನ ಕಾಲ್ಚೀಲ ತೋಯುವ ತನಕ
ಅಂಥದ್ದೊಂದು ಆ ಮನೆಯಲ್ಲಿದೆ ಅನ್ನುವುದೇ
ನನಗೆ ನೆನಪಾಗಲಿಲ್ಲ.